ಬತ್ತಳಿಕೆಯ ಭಾರ

ಜೂನ್ 30, ಭಾನುವಾರ

ತಪ್ಪು ಬತ್ತಳಿಕೆಯದೇ. ಇವತ್ತು ಸಂಜೆ ಖಾತ್ರಿಯಾಯಿತು.

ಗೇಲನ್ ಹಿತ್ತಲಿನಲ್ಲಿ ಐದು ಬಾಣ ಬಿಟ್ಟ. ಐದೂ ಗುರಿಯ ಕೆಳಗೆ, ಐದೂ ಬಲಕ್ಕೆ. ಮೊದಲನೆಯದು ಅಂಗೈಯಗಲ ತಪ್ಪಿತು. ಐದನೆಯದು ಗುರಿಹಲಗೆಯನ್ನೇ ಬಿಟ್ಟು ರಾಸ್‌ಬೆರಿ ಪೊದೆಯೊಳಗೆ ಹೋಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಣವನ್ನು ನಾನು ಪೊದೆಯಲ್ಲಿ ಹುಡುಕಿದ್ದು ಇದೇ ಮೊದಲು.

"ಗಾಳಿ," ಅಂದ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಒಳಗೆ ಬಂದು ಬಿಲ್ಲಿನಿಂದ ಬತ್ತಳಿಕೆ ಬಿಚ್ಚಿ, ಬಾಣಗಳ ಸಮೇತ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಅಲಗುಗಳನ್ನು ಮುಚ್ಚುವ ಟೋಪಿ, ಬಾಣಗಳನ್ನು ಕಚ್ಚಿ ಹಿಡಿಯುವ ರಬ್ಬರು, ಬಿಲ್ಲಿಗೆ ಬಿಗಿಯುವ ಲೋಹದ ತೋಳು ಎಲ್ಲ ಸೇರಿ ಒಂದು ಒಳ್ಳೆ ಚೀಸ್ ಗಡ್ಡೆಯಷ್ಟು ಭಾರ. ಅಷ್ಟೂ ಬಿಲ್ಲಿನ ಬಲಪಕ್ಕೆಗೆ ಜೋತುಬಿದ್ದಿರುತ್ತದೆ. ಹೀಗಿರುವಾಗ ಬಿಲ್ಲು ಬಲಕ್ಕೆ ವಾಲದೆ ಇನ್ನೇನು ಮಾಡೀತು? ಚೀಸ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದಿನವಿಡೀ ತೂಗುವುದೇ ನನ್ನ ಕೆಲಸ. ತಕ್ಕಡಿ ಹೇಳಿದ್ದನ್ನು ನಂಬುತ್ತೇನೆ.

ಏಪ್ರಿಲ್‌ನಲ್ಲಿ ವೈದ್ಯರು ಹೇಳಿದ್ದನ್ನೂ ನಂಬುತ್ತೇನೆ. ಆ ಹೆಸರನ್ನು ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ, ಎ.ಎಲ್.ಎಸ್., ಮತ್ತೆ ಬರೆಯುವುದಿಲ್ಲ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುತ್ತವೆ. ಎಡಗೈಯಿಂದ ಶುರುವಾಗಿದೆ, ಮುಂದೆ ಎಲ್ಲಿಗೆ, ಎಷ್ಟು ಬೇಗ ಅಂತ ಹೇಳೋಕಾಗಲ್ಲ ಅಂದರು. ವಾಪಸ್ ಬರುವಾಗ ಕಾರಿನಲ್ಲಿ ಗೇಲನ್ ಕೇಳಿದ್ದು ಒಂದೇ. ಈ ವರ್ಷ ಎಲೆ ಉದುರುವ ಕಾಲಕ್ಕೆ ಇನ್ನೊಂದು ಸಲ ಬಿಳಿ ಓಕ್ ಮರಗಳ ದಿಣ್ಣೆಯ ಮೇಲೆ ಜಿಂಕೆಗೆ ಕಾಯಬೇಕು.

"ಸಿಕ್ಕರೆ ಸಿಕ್ಕಿತು, ಇಲ್ಲಾಂದ್ರೆ ಇಲ್ಲ. ಆದ್ರೆ ಬಿಲ್ಲು ನಾನೇ ಎಳೀಬೇಕು, ಮಾರೆನ್. ನನ್ನ ಕೈಯಿಂದ."

ಆಗಲಿ ಅಂದೆ. ಅಂದ ಮೇಲೆ ಮಾಡಬೇಕಲ್ಲ. ಮೊದಲು ಹಗುರವಾದ ಬತ್ತಳಿಕೆ ಹುಡುಕಬೇಕು.


ಜುಲೈ 6, ಶನಿವಾರ

ಲವೋನ್‌ಳ ಅಂಗಡಿಗೆ ಹೋಗಿದ್ದೆವು. ದನದ ಮೇವಿನ ಮಳಿಗೆಯ ಹಿಂಬದಿಯಲ್ಲಿ ನಲವತ್ತು ವರ್ಷದಿಂದ ಬಿಲ್ಲು ಮಾರುವವಳು. ಹಾಲಿನ ಲಾರಿಯವನಾಗಲಿ ಜಿಲ್ಲಾ ನ್ಯಾಯಾಧೀಶನಾಗಲಿ, ಅವಳ ಬಾಯಲ್ಲಿ ಎಲ್ಲರೂ 'ಚಿನ್ನ'.

"ಎಂಥದು ಬೇಕು, ಚಿನ್ನ?"

"ಹಗುರವಾಗಿರಬೇಕು. ಗಟ್ಟಿಯಾಗಿರಬೇಕು. ಸದ್ದು ಮಾಡಬಾರದು."

"ಬತ್ತಳಿಕೆ ಹುಡುಕ್ತಾ ಇದ್ದೀಯೋ, ಗಂಡನ್ನ ಹುಡುಕ್ತಾ ಇದ್ದೀಯೋ?"

"ಗಂಡ ಆಗಲೇ ಸಿಕ್ಕಿದ್ದಾನೆ," ಅಂದ ಗೇಲನ್. "ಹಗುರ ಆಗ್ತಾನೂ ಇದ್ದಾನೆ. ಸದ್ದು ಮಾತ್ರ ಕಮ್ಮಿ ಆಗಿಲ್ಲ."

ಲವೋನ್ ನಕ್ಕಳು. ನಾನೂ ನಕ್ಕೆ. ಏಪ್ರಿಲ್‌ನಿಂದ ಅವನ ಪ್ಯಾಂಟುಗಳ ಸೊಂಟವನ್ನೆಲ್ಲ ಹಿಡಿಸಿ ಚಿಕ್ಕದು ಮಾಡಿದ್ದೇನೆ.

ಗೋಡೆಯ ತುಂಬ ಬತ್ತಳಿಕೆಗಳು. ಒಂದರ ರಬ್ಬರು ಬಿಗಿ, ಆದರೆ ಚೌಕಟ್ಟು ಭಾರ. ಇನ್ನೊಂದು ಹಗುರ, ಆದರೆ ಬಿಲ್ಲಿನಿಂದ ದೂರ ಚಾಚಿಕೊಳ್ಳುತ್ತದೆ. ಭಾರ ದೂರವಾದಷ್ಟೂ ಎಳೆತ ಹೆಚ್ಚು. ಇನ್ನೊಂದರ ಟೋಪಿ ಒತ್ತಿದರೆ ಬಾಗುತ್ತಿತ್ತು. ಅಂಥದ್ದನ್ನು ಹಿಡಿದು ಜಾರಿ ಬಿದ್ದರೆ ಅಲಗು ನೇರ ತೊಡೆಗೆ. ಕೊನೆಗೆ ಕಪ್ಪು ಕಾರ್ಬನ್‌ನದೊಂದನ್ನು ಆರಿಸಿದೆ. ಬಿಲ್ಲಿಗೆ ಅಂಟಿಕೊಂಡೇ ಕೂರುತ್ತದೆ. ಹಿಡಿಯುವುದು ಮೂರೇ ಬಾಣ.

"ಮೂರೇನಾ?" ಗೇಲನ್ ಮುಖ ಚಿಕ್ಕದಾಯಿತು.

"ಒಂದು ಜಿಂಕೆಗೆ ಎಷ್ಟು ಬಾಣ ಬೇಕು?"

"ಒಂದು. ಉಳಿದದ್ದು ಧೈರ್ಯಕ್ಕೆ."

ಎರಡು ಬಾಣದಷ್ಟು ಧೈರ್ಯ ಸಾಕು ಎಂದು ಒಪ್ಪಿಸಿದೆ. ಲವೋನ್ ಬತ್ತಳಿಕೆ ಬಿಗಿಯಲು ಬಿಲ್ಲನ್ನು ಒಳಗೆ ಒಯ್ದಳು. ಮನೆಗೆ ಬಂದ ಮೇಲೆ ನೋಡಿದರೆ ಬಿಲ್ಲಿನ ಎರಡೂ ತುದಿಯ ಬೋಲ್ಟುಗಳು ಸಡಿಲವಾಗಿದ್ದವು. ಎಳೆಯುವ ಭಾರವನ್ನೂ ಇಳಿಸಿದ್ದಾಳೆ. ನಾವು ಕೇಳಿರಲಿಲ್ಲ. ಗೇಲನ್ ಅದನ್ನು ಗಮನಿಸಿದನೋ ಇಲ್ಲವೋ, ನಾನು ಕೇಳಲಿಲ್ಲ.


ಜುಲೈ 14, ಭಾನುವಾರ

ಮೂರಕ್ಕೆ ಮೂರೂ ನಡುವೃತ್ತದೊಳಗೆ!

ಅವನು ತಿರುಗಿ ನೋಡಿದಾಗ ಮುಖ ಹಿಂದಿನ ಹಾಗೆಯೇ ಇತ್ತು. ನಾನು ಹೇಳಿದ್ದು ನಿಜವಾಯಿತು. ಬಿಲ್ಲು ಹಿಡಿದ ಮೊಣಕೈಯನ್ನು ಜಗಲಿಯ ಕಟಕಟೆಗೆ ಆನಿಸಿಕೊಂಡಿದ್ದ, ಅದರಿಂದಲೂ ಸ್ವಲ್ಪ ಅನುಕೂಲವಾಗಿರಬೇಕು. ಗುರಿಹಲಗೆಯನ್ನೂ ಹತ್ತಿರಕ್ಕೆ ತಂದಿದ್ದೆವು. ದಿಣ್ಣೆಯ ಮೇಲೆ ಜಿಂಕೆಗಳು ಹೇಗೂ ಹತ್ತಿರವೇ ಬರುತ್ತವೆ.


ಆಗಸ್ಟ್ 3, ಶನಿವಾರ

ಗೇಲನ್‌ನ ತಮ್ಮ ಡ್ವೇನ್ ಬಂದಿದ್ದ. ಕೈಯಲ್ಲಿ ಬಿಯರ್, ಕಂಕುಳಲ್ಲಿ ಉದ್ದನೆಯ ಪೆಟ್ಟಿಗೆ. ನಾನು ಹಿತ್ತಲಿನಲ್ಲಿ ಕೆಂಡದ ಮೇಲೆ ಸಾಸೇಜ್ ಸುಡುತ್ತಿದ್ದೆ.

"ಏನೋ ಮುದುಕ, ಇನ್ನೂ ಆ ದಾರ ಎಳೀತಾ ಕೂತಿದ್ದೀಯಾ?" ಎನ್ನುತ್ತಾ ಪೆಟ್ಟಿಗೆ ತೆರೆದ. ಒಳಗಿದ್ದದ್ದು ಅಡ್ಡಬಿಲ್ಲು. "ಇದಕ್ಕೆ ಎಳೆಯೋ ತಾಪತ್ರಯವೇ ಇಲ್ಲ. ಈ ಹಿಡಿ ತಿರುಗಿಸಿದ್ರೆ ಅದೇ ಎಳ್ಕೊಳುತ್ತೆ. ತೊಡೆ ಮೇಲೆ ಇಟ್ಕೊಂಡು ಟ್ರಿಗರ್ ಒತ್ತು, ಮುಗೀತು."

ಗೇಲನ್ ಅದನ್ನು ಮುಟ್ಟಲೂ ಇಲ್ಲ. "ಇದು ಬಿಲ್ಲಲ್ಲ ಕಣೋ. ಬಿಲ್ಲಿನ ವೇಷ ಹಾಕಿರೋ ಬಂದೂಕು."

"ಥೇಟ್ ಅಪ್ಪನ ಮಾತು."

"ಅಪ್ಪನ ಮಗ ತಾನೇ ನಾನು. ನಿನ್ನ ವಿಷಯ ಅಮ್ಮನ್ನೇ ಕೇಳಬೇಕು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಡ್ವೇನ್ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದ.

ತಟ್ಟೆ ತರುವ ನೆಪದಲ್ಲಿ ನನ್ನ ಹಿಂದೆ ಅಡುಗೆಮನೆಗೆ ಬಂದ. ತಕ್ಕಡಿಯ ಮೇಲೆ ಬತ್ತಳಿಕೆ ಇತ್ತು. ಅಲಗಿನ ಟೋಪಿಯೊಳಗಿನ ಸ್ಪಂಜನ್ನು ಕತ್ತರಿಸಿ ಇನ್ನಷ್ಟು ಹಗುರ ಮಾಡಬಹುದೇ ಎಂದು ಬೆಳಿಗ್ಗೆ ನೋಡುತ್ತಿದ್ದೆ.

"ಮಾರೆನ್, ಒಂದು ಕೇಳ್ಲಾ? ಬಾಣ ಬಿಡ್ತಾ ಬಿಡ್ತಾ ಬತ್ತಳಿಕೆ ಖಾಲಿ ಆಗುತ್ತೆ. ಹಗುರ ಆಗುತ್ತೆ. ಹೌದು ತಾನೇ?"

"ಹೌದು."

"ಮತ್ತೆ ಅವನ ಕೊನೇ ಬಾಣ ಯಾಕೆ ಎಲ್ಲಕ್ಕಿಂತ ಅಡ್ಡ ಹೋಗುತ್ತೆ?"

ಸಾಸೇಜ್ ಸೀದು ಹೋಗುತ್ತದೆ ಎಂದು ಹೊರಗೆ ಬಂದುಬಿಟ್ಟೆ.

ಅವನು ಆಗಲೇ ಮೂರು ಬಿಯರ್ ಕುಡಿದಿದ್ದ. ಕುಡಿದವರು ಏನಾದರೊಂದು ಅಂದೇ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಯಾರಾದರೂ ಈ ಪ್ರಶ್ನೆ ಎತ್ತಿದ್ದರೆ ನಾನು ಹಳೆಯ ಮಾದರಿಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಪರೀಕ್ಷೆ ಶುರುಮಾಡುತ್ತಿದ್ದೆ. ಮನೆ ಕಾರ್ಖಾನೆಯಲ್ಲ. ಇಷ್ಟಕ್ಕೂ ಕಳೆದ ವಾರ ಡ್ವೇನ್ ನೋಡಿದ್ದು ಗೇಲನ್ ಬಿಟ್ಟ ಮೂರೇ ಬಾಣ. ಮೂರು ಬಾಣಗಳಿಂದ ಯಾರೂ ಯಾವ ತೀರ್ಮಾನಕ್ಕೂ ಬರಬಾರದು.

ಅಡ್ಡಬಿಲ್ಲನ್ನು ಡ್ವೇನ್ ನಮ್ಮ ಶೆಡ್ಡಿನಲ್ಲೇ ಬಿಟ್ಟುಹೋದ. "ನಿನಗಲ್ಲಪ್ಪ, ಶೆಡ್ಡಿಗೆ ಕೊಟ್ಟಿದ್ದು," ಅಂದ ಅಣ್ಣನಿಗೆ.


ಆಗಸ್ಟ್ 21, ಬುಧವಾರ

ಹೊಸ ಸಮಸ್ಯೆ. ಬಾಣವನ್ನು ಬತ್ತಳಿಕೆಯಿಂದ ಕೀಳುವಾಗ ರಬ್ಬರು ಕಿರ್ ಎನ್ನುತ್ತದೆ. ಇಬ್ಬನಿ ಬಿದ್ದ ಬೆಳಿಗ್ಗೆ ಜಿಂಕೆಗೆ ಅಷ್ಟು ಸಾಕು. ಮೇಣ ಸವರಿ ನೋಡಿದೆ. ಸದ್ದು ಹೋಯಿತು, ಹಿಡಿತವೂ ಹೋಯಿತು.

ಅಂದ ಹಾಗೆ, ಗೇಲನ್‌ನ ಅಂಗಿಗಳಿಗೆಲ್ಲ ಗುಂಡಿ ತೆಗೆದು ಒತ್ತುಗುಂಡಿ ಹಾಕಿದೆ. ಬೆಳಿಗ್ಗೆ ಬೇಗ ಹೊರಡಲು ಸುಲಭವಾಗುತ್ತದೆ.


ಸೆಪ್ಟೆಂಬರ್ 7, ಶನಿವಾರ

ಬಿಲ್ಲಿನ ಮೇಲೆ ಇನ್ನು ಬತ್ತಳಿಕೆಯೇ ಬೇಡ ಎಂದು ತೀರ್ಮಾನಿಸಿದೆವು. ತೀರ್ಮಾನಿಸಿದ್ದು ನಾನು, ಗೇಲನ್ ತಲೆಯಾಡಿಸಿದ. ಸೊಂಟಕ್ಕೆ ಕಟ್ಟುವ ಬತ್ತಳಿಕೆಯೇ ಸರಿ. ಬಿಲ್ಲಿನ ಮೇಲೆ ಒಂದು ಎಳೆಯ ಭಾರವೂ ಇರುವುದಿಲ್ಲ. ಮೊದಲೇ ಏಕೆ ಹೊಳೆಯಲಿಲ್ಲವೋ.

ಲವೋನ್ ಮೂರು ತರದವನ್ನು ತಂದಿಟ್ಟಳು. ಗೇಲನ್ ಒಂದನ್ನು ಸೊಂಟಕ್ಕೆ ಕಟ್ಟಿ ಬಾಣ ತೆಗೆಯಲು ಹೋದ. ಬಲಗೈ ಬಾಣದ ಕಡೆ ಹೋದ ಕೂಡಲೇ ಬಿಲ್ಲಿನ ಪೂರ್ತಿ ಭಾರ ಎಡಗೈ ಮೇಲೆ ಬಿತ್ತು. ಬಿಲ್ಲಿನ ತುದಿ ನೆಲಕ್ಕೆ ತಾಗಿತು. ಇನ್ನೊಂದು ಸಲವೂ ಹಾಗೇ ಆಯಿತು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಇದ್ದಕ್ಕಿದ್ದಂತೆ ಕೈಗವಸುಗಳ ಬೆಲೆ ನೋಡತೊಡಗಿದರು.

"ಬತ್ತಳಿಕೆ ಅವನ ಸೊಂಟಕ್ಕೇ ಇರಬೇಕು ಅಂತ ಯಾರು ಹೇಳಿದ್ರು?" ಲವೋನ್ ಅದನ್ನು ಬಿಚ್ಚಿ ನನ್ನ ಬೆಲ್ಟಿಗೆ ಸಿಕ್ಕಿಸಿದಳು. "ನೀನು ಪಕ್ಕದಲ್ಲೇ ಕೂರ್ತೀಯಲ್ಲ. ನೀನೇ ತೆಗೆದು ಕೊಡು."

"ಮೂವತ್ತು ವರ್ಷ ಬೇಟೆ ಆಡಿದ ಮೇಲೆ ಆಳು ಇಟ್ಕೊಳ್ಳೋ ಯೋಗ ಬಂತು," ಅಂದ ಗೇಲನ್.

"ಸಂಬಳ ಎಷ್ಟು?" ನಾನು ಕೇಳಿದೆ.

"ಊಟ ಬಟ್ಟೆ. ಅಡುಗೆ ನೀನೇ ಮಾಡ್ಕೋಬೇಕು."

ನನ್ನ ಸೊಂಟಕ್ಕೆ ಯಾವುದು ಸರಿ ಎಂದು ನೋಡಲು ಬಹಳ ಹೊತ್ತು ಹಿಡಿಯಿತು. ಕುಳಿತಾಗ ಬಾಣದ ಬಾಲ ಪಕ್ಕೆಗೆ ಚುಚ್ಚಬಾರದು, ಕೈ ಇಳಿಬಿಟ್ಟರೆ ತಾನಾಗಿ ಸಿಗಬೇಕು, ಬಗ್ಗಿ ಅವನನ್ನು ಕುರ್ಚಿಯಿಂದ ಎಬ್ಬಿಸುವಾಗ ಅಡ್ಡ ಬರಬಾರದು. ಕೊನೆಯ ಗುಣ ಇರುವುದು ಒಂದಕ್ಕೇ. ಅದನ್ನೇ ತಂದೆ.

ಹೊರಡುವ ಮುಂಚೆ ಲವೋನ್ ಬಿಲ್ಲನ್ನು ಕೊಕ್ಕೆಯ ತಕ್ಕಡಿಗೆ ಹಾಕಿ ಎಳೆದು ನೋಡಿದಳು. ಮುಳ್ಳು ಮೂವತ್ತು ಪೌಂಡ್ ದಾಟಿ ಒಂದು ಕೂದಲಿನಷ್ಟು ಮುಂದೆ ನಿಂತಿತು. "ಇನ್ನು ಇಳಿಸೋಕಾಗಲ್ಲ, ಚಿನ್ನ. ಮೂವತ್ತಕ್ಕಿಂತ ಕೆಳಗೆ ಹೋದ್ರೆ ನಮ್ಮ ರಾಜ್ಯದಲ್ಲಿ ಜಿಂಕೆಗೆ ಹೊಡೆಯೋ ಹಾಗಿಲ್ಲ." ಹೇಳಿದ್ದು ಅವನಿಗೆ, ನೋಡಿದ್ದು ನನ್ನನ್ನು.


ಸೆಪ್ಟೆಂಬರ್ 14, ಶನಿವಾರ

ಇವತ್ತು ಬಿಲ್ಲಿನ ಬೇಟೆಯ ಮೊದಲ ದಿನ. ಬೆಳಕು ಹರಿಯುವ ಮುಂಚೆ ರಸ್ತೆಯಲ್ಲಿ ಒಂದರ ಹಿಂದೊಂದು ಪಿಕಪ್ ಹೋದ ಸದ್ದು. ಗೇಲನ್ ನಿದ್ದೆ ಮಾಡುತ್ತಿದ್ದ, ಅಥವಾ ಹಾಗೆ ಮಲಗಿದ್ದ. ಎಬ್ಬಿಸಲಿಲ್ಲ. ಸೆಖೆ ಇದೆ, ಎಲೆ ಇನ್ನೂ ದಟ್ಟವಾಗಿದೆ. ಅಕ್ಟೋಬರ್ ಮೇಲು.


ಸೆಪ್ಟೆಂಬರ್ 24, ಮಂಗಳವಾರ

ಆಸ್ಪತ್ರೆ. ಊದುವ ಪರೀಕ್ಷೆ, ನುಂಗುವ ಪರೀಕ್ಷೆ, ಆಮೇಲೆ ಕೈಯಲ್ಲಿ ಹಿಡಿದು ಹಿಸುಕುವ ಒಂದು ಯಂತ್ರ. ಎಷ್ಟು ಹಿಸುಕಿದರೆ ಅಷ್ಟು ಪೌಂಡ್ ಎಂದು ತೋರಿಸುತ್ತದೆ. ಕೈಯನ್ನು ತೂಗುವ ತಕ್ಕಡಿ ಎನ್ನಬಹುದು. ಇಂಥದೊಂದು ಇದೆ ಎಂದು ನನಗೆ ಗೊತ್ತಿತ್ತು. ಏಪ್ರಿಲ್‌ನಿಂದ ಪ್ರತಿ ಸಲವೂ ಅವನ ಪಕ್ಕದಲ್ಲೇ ನಿಂತು ನೋಡಿದ್ದೇನೆ.

"ಪೂರ್ತಿ ಬಲ ಹಾಕಿ," ಅಂದಳು ನರ್ಸ್.

"ಹಾಕಿದ್ದೀನಮ್ಮ. ನಿಮ್ಮ ಯಂತ್ರಕ್ಕೇ ಮುಜುಗರ," ಅಂದ ಗೇಲನ್.

ಕಾರ್ಖಾನೆಯಲ್ಲಿ ನಾನು ಓದದೆ ಬಿಟ್ಟ ಅಂಕಿ ಒಂದೂ ಇಲ್ಲ. ಇದನ್ನು ಇಲ್ಲಿ ಬರೆಯುವುದಿಲ್ಲ.

ವಾಪಸ್ ಬರುವಾಗ ಲವೋನ್‌ಳ ಅಂಗಡಿಯ ಮುಂದೆಯೇ ಬಂದೆವು. "ನಿಲ್ಲಿಸ್ಲಾ?" ಅಂದೆ. "ಯಾಕೆ? ಎಲ್ಲ ಇದೆಯಲ್ಲ," ಅಂದ. ಹೌದು, ಎಲ್ಲ ಇದೆ. ಆದರೂ ಒಳಗೆ ಹೋಗಿ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸಿತ್ತು. ಅಲ್ಲಿ ಇದಲ್ಲದಿದ್ದರೆ ಅದು ಎಂದು ಆರಿಸಬಹುದು. ಆ ಗೋಡೆಯಲ್ಲದೆ ಈಗ ಬೇರೆಲ್ಲೂ ನನಗೆ ಆರಿಸಲು ಏನೂ ಸಿಗುತ್ತಿಲ್ಲ.


ಅಕ್ಟೋಬರ್ 5, ಶನಿವಾರ

ರಬ್ಬರಿನ ಸಮಸ್ಯೆ ಬಗೆಹರಿಯಿತು. ಹಳೆಯ ಉಣ್ಣೆ ಕಾಲುಚೀಲದಿಂದ ಪಟ್ಟಿ ಕತ್ತರಿಸಿ ರಬ್ಬರಿನ ಬಾಯಿಗೆ ಅಂಟಿಸಿದೆ. ಹಿಡಿತವೂ ಇದೆ.

ಗೇಲನ್ ಪರೀಕ್ಷೆ ಮಾಡುತ್ತೇನೆ ಅಂದ. ನೆಲಮಾಳಿಗೆಗೆ ಇಳಿಯುವುದು ಈಗ ಬೇಡ, ನಡುಮನೆಯಲ್ಲೇ ಆಯಿತು. ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತ. "ನಾನು ಜಿಂಕೆ. ನೀನು ಹಿಂದಿನಿಂದ ಬಾಣ ತೆಗಿ."

ತೆಗೆದೆ.

"ಕೇಳಿಸ್ತು."

"ಸುಳ್ಳು."

"ಬಾಲ ಎತ್ತಿ ಓಡಿಹೋದೆ. ನೋಡು, ಆಗಲೇ ಪಕ್ಕದ ಜಿಲ್ಲೇಲಿ ಇದ್ದೀನಿ."

ಮತ್ತೆ ತೆಗೆದೆ. ಕೇಳಿಸ್ತು. ಮತ್ತೆ. ಈ ಸಲ ಸುಮ್ಮನಿದ್ದ. ಗೆದ್ದೆ ಎಂದುಕೊಂಡು ಮುಂದೆ ಬಂದು ನೋಡಿದರೆ ನಿದ್ದೆ ಹೋಗಿದ್ದ. ಕತ್ತು ಒಂದು ಕಡೆಗೆ ವಾಲಿತ್ತು. ಅದರ ಕೆಳಗೆ ದಿಂಬು ಇಟ್ಟು ಅಲ್ಲೇ ನಿಂತೆ. ನಿಂತಿರುವಷ್ಟು ಹೊತ್ತೂ ಕೈ ಅದರ ಪಾಡಿಗೆ ಬಾಣ ತೆಗೆಯುವುದು, ಇಡುವುದು, ತೆಗೆಯುವುದು, ಇಡುವುದು ಮಾಡುತ್ತಿತ್ತು. ಸದ್ದಿಲ್ಲದೆ ಇಡುವುದು ತೆಗೆಯುವುದಕ್ಕಿಂತ ಕಷ್ಟ.

ಪೈ ಮಾಡಲು ಹಿಟ್ಟು ತೂಗಬೇಕಿತ್ತು. ತಕ್ಕಡಿ ಎಲ್ಲಿಟ್ಟಿದ್ದೇನೆ ಎಂದು ನೆನಪಾಗಲಿಲ್ಲ. ಕೈ ಅಂದಾಜಿನಲ್ಲಿ ಹಾಕಿದೆ. ಚೆನ್ನಾಗಿಯೇ ಬಂತು.


ಅಕ್ಟೋಬರ್ 26, ಶನಿವಾರ

ಹೋಗಿ ಬಂದೆವು.

ಡ್ವೇನ್ ನಿನ್ನೆಯೇ ದಿಣ್ಣೆಯ ಮೇಲೆ ಮರೆಗುಡಾರ ಹಾಕಿ, ಒಣ ಎಲೆಯನ್ನೆಲ್ಲ ಗುಡಿಸಿ, ಎರಡು ಕುರ್ಚಿ ಇಟ್ಟು ಬಂದಿದ್ದ. ಮಧ್ಯಾಹ್ನ ಅವನ ತೆರೆದ ಗಾಡಿಯಲ್ಲಿ ಮೇಲೆ ಹತ್ತಿಸಿದ. ಗಾಡಿಯಿಂದ ಕುರ್ಚಿಯವರೆಗೆ ಅಣ್ಣನನ್ನು ಎತ್ತಿಕೊಂಡೇ ಹೋದ. "ಮುದುಕ, ಇದನ್ನ ಯಾರಿಗಾದ್ರೂ ಹೇಳಿದ್ರೆ ನೋಡು," ಅಂದದ್ದು ಡ್ವೇನ್. "ನೀನು ಎತ್ಕೊಂಡಿದ್ದು ನನಗೇ ಅವಮಾನ," ಅಂದದ್ದು ಗೇಲನ್. ಕೆಳಗೆ ಬೇಲಿಯ ಹತ್ತಿರ ಕಾಯುತ್ತೇನೆ ಎಂದು ಡ್ವೇನ್ ಹೊರಟುಹೋದ. ಅಡ್ಡಬಿಲ್ಲಿನ ಮಾತೆತ್ತಲಿಲ್ಲ.

ಬಿಲ್ಲಿನ ಕೆಳತುದಿಯನ್ನು ಕವಲುಕೋಲಿನ ಮೇಲಿಟ್ಟೆ. ಒಂದು ಬಾಣವನ್ನು ಹೆದೆಗೆ ನಾನೇ ಸಿಕ್ಕಿಸಿದೆ. ಆಮೇಲೆ ಕಾಯುವುದು. ಓಕ್ ಕಾಯಿಗಳು ಗುಡಾರದ ಮೇಲೆ ಟಪ್ ಎಂದು ಬೀಳುತ್ತಿದ್ದವು. ಪ್ರತಿ ಸಲವೂ ನಾನು ಬೆಚ್ಚುತ್ತಿದ್ದೆ, ಪ್ರತಿ ಸಲವೂ ಅವನು ನಗುತ್ತಿದ್ದ.

ಬಿಸಿಲು ಓರೆಯಾದಾಗ ಬಂದವು. ಒಂದು ಹೆಣ್ಣು ಜಿಂಕೆ, ಅದರ ಹಿಂದೆ ಈ ವರ್ಷದ ಎರಡು ಮರಿಗಳು, ಬೆನ್ನಿನ ಚುಕ್ಕೆಗಳು ಆಗಲೇ ಮಾಸಿದ್ದವು. ಕಾಯಿ ಜಗಿಯುವುದು ಕೇಳಿಸುವಷ್ಟು ಹತ್ತಿರ. ಜುಲೈನಲ್ಲಿ ಮೂರಕ್ಕೆ ಮೂರು ಹೊಡೆದ ದೂರವೂ ಇಲ್ಲ. ತಾಯಿ ಪಕ್ಕೆ ತೋರಿಸಿ ನಿಂತಿತು.

ಗೇಲನ್ ಎಳೆದ. ಹೆದೆ ಅರ್ಧಕ್ಕೆ ಬಂದು ನಿಂತಿತು. ಮೆಲ್ಲನೆ ಬಿಟ್ಟ. ಉಸಿರು ತೆಗೆದುಕೊಂಡು ಮತ್ತೆ ಎಳೆದ. ಈ ಸಲ ಅರ್ಧಕ್ಕೂ ಬರಲಿಲ್ಲ. ಮೂರನೆಯ ಸಲ ಬೆರಳುಗಳು ಹೆದೆಯ ಮೇಲೆ ಸುಮ್ಮನೆ ಕೂತಿದ್ದವು. ನಾನು ಬಿಲ್ಲನ್ನೇ ನೋಡುತ್ತಿದ್ದೆ. ಅದರ ಮೇಲೆ ಏನೂ ಇರಲಿಲ್ಲ. ಬಲಕ್ಕೆ ಎಳೆಯುವುದು, ಕೆಳಕ್ಕೆ ಜಗ್ಗುವುದು, ಅಲುಗುವುದು, ಏನೂ ಇಲ್ಲ. ಬೆತ್ತಲೆ ಬಿಲ್ಲು, ಅದನ್ನು ಹಿಡಿದ ಅವನ ಕೈ.

ನಾನು ಎಳೆಯಲು ಸಹಾಯ ಮಾಡಬಹುದಿತ್ತು. ಕೈ ಮುಂದೆ ಹೋಗಿಯೂ ಇತ್ತು. ನಾನೇ ಎಳೀಬೇಕು ಅಂದಿದ್ದನಲ್ಲ. ಹಿಂದಕ್ಕೆ ತೆಗೆದುಕೊಂಡೆ.

ಅವನು ನನ್ನ ಕಡೆ ತಿರುಗಿದ. ಅಳುತ್ತಾನೆ ಎಂದುಕೊಂಡಿದ್ದೆ. ಇಲ್ಲ. ಬಹಳ ಹೊತ್ತು ಯಾರದೋ ದಾರಿ ಕಾದು, ಇನ್ನು ಬರುವುದಿಲ್ಲ ಎಂದು ಗೊತ್ತಾಗಿ, ಕುರ್ಚಿಗೆ ಒರಗಿದವನ ಹಾಗೆ ಇದ್ದ.

"ನಿನ್ನ ಹತ್ರ ಎಷ್ಟಿದೆ?" ಪಿಸುಗುಟ್ಟಿದ.

"ಎರಡು."

"ಇದನ್ನೂ ನೀನೇ ಇಟ್ಕೊ."

"ನಾಳೆಗಾ?"

"ಧೈರ್ಯಕ್ಕೆ."

ಹೆದೆಯಿಂದ ಬಾಣ ಬಿಡಿಸಿ ಸೊಂಟದ ಬತ್ತಳಿಕೆಗೆ ಇಳಿಸಿದೆ. ಅಲಗು ಟೋಪಿಯೊಳಗೆ ಹೋಯಿತು, ಕೋಲು ಉಣ್ಣೆಯ ಬಾಯೊಳಗೆ ಕೂತಿತು. ತಾಯಿ ಜಿಂಕೆಯ ಕಿವಿ ನಮ್ಮ ಕಡೆಗೇ ಇತ್ತು. ಅದು ತಲೆ ಎತ್ತಲಿಲ್ಲ. ಇನ್ನೊಂದು ಕಾಯಿ ಹುಡುಕಿಕೊಂಡಿತು.

"ಕೇಳಿಸ್ಲಿಲ್ಲ," ಅಂದ ಗೇಲನ್.

ಮೂರೂ ಹೊಟ್ಟೆ ತುಂಬ ತಿಂದು, ತಾವಾಗಿ ದಿಣ್ಣೆ ಇಳಿದು ಹೋಗುವವರೆಗೆ ಕೂತಿದ್ದೆವು. ಆಮೇಲೆ ಡ್ವೇನ್‌ನನ್ನು ಕೂಗಿದೆ. ಅವನು ಬಂದು ಬಾಣ ಹೆದೆಯ ಮೇಲಿಲ್ಲದ್ದನ್ನು ನೋಡಿ, ನೆಲದ ಮೇಲೆ ರಕ್ತದ ಗುರುತು ಹುಡುಕಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಅಣ್ಣನನ್ನು ಎತ್ತಿಕೊಂಡ. ಬಿಲ್ಲನ್ನು ನಾನು ತಂದೆ. ಬಹಳ ಹಗುರವಾಗಿದೆ.

ಈಗ ಗೇಲನ್ ಮಲಗಿದ್ದಾನೆ. ಸೂಪು ಕುಡಿಸಿದೆ, ಕಾಲು ತಿರುಗಿಸಿ ಮಲಗಿಸಿದೆ, ದಿಂಬು ಸರಿಮಾಡಿದೆ. ಇದನ್ನು ಬರೆಯಲು ಕೂತಾಗ ಕುರ್ಚಿಯ ಕೈಗೆ ಏನೋ ತಗಲಿತು. ಬತ್ತಳಿಕೆ. ಇಷ್ಟು ಹೊತ್ತೂ ಸೊಂಟದಲ್ಲೇ ಇತ್ತು. ಬಗ್ಗಿ ಅವನನ್ನು ಎಬ್ಬಿಸುವಾಗಲೂ ಅಡ್ಡ ಬಂದಿರಲಿಲ್ಲ.